ಜ್ವರಕ್ಕೆ ಕೂತ ರೇಷ್ಮೆ ಹುಳು ಅರ್ಧ ಪೊರೆ ಬಿಟ್ಟು ಸಾಯುವುದೇಕೆ?

ಮೂರನೇ ಜ್ವರಕ್ಕೆ ಕೂತ ಹುಳುಗಳು ನಿನ್ನೆಯಿಂದ ಸೊಪ್ಪು ಮುಟ್ಟಿಲ್ಲ, ತಲೆ ಎತ್ತಿಕೊಂಡು ಹಾಗೇ ಇವೆ, ಒಂದಷ್ಟು ಹುಳು ಅರ್ಧ ಪೊರೆ ಬಿಟ್ಟು ಬಾಲದ ಕಡೆ ಸಿಕ್ಕಿಕೊಂಡು ಸತ್ತಿವೆ, ಇದು ರೋಗವೇ ಎಂದು ಕೇಳಿದ್ದೀರಿ. ತಲೆ ಎತ್ತಿ ಕೂತದ್ದು ರೋಗವಲ್ಲ, ಹೆಸರಿಗಷ್ಟೇ ಜ್ವರ. ಹುಳು ಮೇವು ಬಿಟ್ಟು ಕೂತು ಪೊರೆ ಕಳಚುವುದಕ್ಕೇ ಜ್ವರ ಎನ್ನುವುದು, ಕಳಚಿ ಮುಗಿಸಿದರೆ ಜ್ವರ ಎದ್ದಂತೆ. ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡುವ ಕಡೆಯಿಂದ) ಎರಡನೇ ಜ್ವರ ಎದ್ದ ಹುಳು ತಂದವರಿಗೆ ಮೊದಲು ಕಾಣುವುದೇ ಈ ಮೂರನೆಯದು, ಗಾಬರಿ ಸಹಜ. ಸಿಕ್ಕಿಕೊಂಡು ಸತ್ತದ್ದಕ್ಕೆ ಮಾತ್ರ ಕಾರಣ ಹುಡುಕಬೇಕು.

ಮೊದಲು ಒಂದು ಹುಳುವನ್ನು ಮುಟ್ಟದೆ, ಬಗ್ಗಿ ನೋಡಿ. ತಲೆಯ ಹಿಂದೆಯೇ ಚಿಕ್ಕದೊಂದು ಕಂದು ತ್ರಿಕೋನ ಕಾಣುತ್ತದೆ. ಅದು ಹಳೆ ತಲೆಯ ಹಿಂದೆ ಬೆಳೆಯುತ್ತಿರುವ ಹೊಸ ತಲೆ. ಮೈ ಚರ್ಮ ಒಂದಿಷ್ಟು ಹಿಗ್ಗುತ್ತದೆ, ತಲೆಯ ಚಿಪ್ಪು ಹಿಗ್ಗುವುದಿಲ್ಲ, ಹಾಗಾಗಿ ಪೂರ್ತಿ ಬದಲಾಗಬೇಕು. ಕೂರುವ ಮುಂಚೆ ಹುಳು ಬಾಯಿಂದ ಸ್ವಲ್ಪ ನೂಲು ಬಿಟ್ಟು, ಹಿಂಗಾಲುಗಳನ್ನು ಎಲೆಗೋ ಕಡ್ಡಿಗೋ ಬಿಗಿದುಕೊಂಡಿರುತ್ತದೆ. ಒಳಗೆ ಹೊಸ ಚರ್ಮ ತಯಾರಾದ ಮೇಲೆ ಹಳೆಯದಕ್ಕೂ ಹೊಸದಕ್ಕೂ ನಡುವೆ ತೆಳು ದ್ರವ ತುಂಬುತ್ತದೆ. ಕೊನೆಗೆ ಕತ್ತಿನ ಹತ್ತಿರ ಪೊರೆ ಬಿರಿದು ಹುಳು ಮುಂದಕ್ಕೆ ತೆವಳುತ್ತದೆ, ಪೊರೆ ನೂಲಿಗೆ ಅಂಟಿ ಹಿಂದೆಯೇ ಉಳಿಯುತ್ತದೆ. ಹಳೆ ತಲೆಚಿಪ್ಪು ಟೋಪಿಯ ಹಾಗೆ ಬೇರೆಯೇ ಉದುರುತ್ತದೆ. ಉಸಿರುನಾಳದ ಒಳಪದರವೂ ಪೊರೆಯ ಜೊತೆಗೇ ಬರುತ್ತದೆ.

ಈಗ ನಿಮ್ಮ ಹುಳು ಎಲ್ಲಿ ಸಿಕ್ಕಿಕೊಂಡವು ಗೊತ್ತಾಯಿತಲ್ಲ? ಹಾಸಿಗೆ, ಅಂದರೆ ಹುಳು ಕೂತ ಸೊಪ್ಪಿನ ಹಾಸು, ಕದಡಿದರೆ, ಕಸ ತೆಗೆದರೆ ನೂಲಿನ ಹಿಡಿತ ಹೋಗುತ್ತದೆ, ಎಳೆದು ಬಿಡಿಸಿಕೊಳ್ಳಲು ಆಧಾರವೇ ಇರುವುದಿಲ್ಲ. ಇನ್ನೊಂದು, ಹುಳು ಸಾಕುವ ಮನೆ ತೀರಾ ಒಣಗಿದರೆ ಪೊರೆ ಮೈಗೇ ಅಂಟುತ್ತದೆ. ಫ್ಯಾನ್ ಗಾಳಿ ನೇರವಾಗಿ ಬೀಳುವ ಕಡೆ ಹೀಗಾಗುವುದು ಹೆಚ್ಚು. ಗಾಳಿಯ ತೇವಾಂಶ ಶೇಕಡಾ 70ರ ಆಸುಪಾಸಿನಲ್ಲಿರಲಿ, 60ಕ್ಕಿಂತ ಕೆಳಗಿಳಿಯಬಾರದು. ಉಷ್ಣತೆ 25–26 ಡಿಗ್ರಿ ಸಾಕು.

ಹಾಗೆಂದು ನೀರು ಚಿಮುಕಿಸಿ ಹಾಸಿಗೆ ಒದ್ದೆ ಮಾಡಬೇಡಿ. ಹಾಸಿಗೆಯಲ್ಲಿ ಸೊಪ್ಪು ಹಸಿಯಾಗಿ ಉಳಿದರೆ ಮೊದಲು ಎದ್ದ ಹುಳು ತಿನ್ನಲು ಶುರು ಮಾಡುತ್ತದೆ, ಹಿಂದೆ ಬಿದ್ದದ್ದು ಹಿಂದೆಯೇ ಉಳಿಯುತ್ತದೆ. ಆಮೇಲೆ ಹಣ್ಣಾಗುವಾಗಲೂ (ಗೂಡು ಕಟ್ಟಲು ಸಿದ್ಧವಾಗುವಾಗಲೂ) ಅದೇ ಹಿಂದುಮುಂದು, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಕೆಲಸ ಎರಡು ಮೂರು ದಿನ ಎಳೆಯುತ್ತದೆ. ಅದಕ್ಕೇ ನೂರಕ್ಕೆ 90–95 ಭಾಗ ಹುಳು ಕೂತ ಕೂಡಲೇ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೇಲೆ ಉದುರಿಸಿ, ಹಾಸಿಗೆ ಒಣಗಲಿ. ಮೂರನೇ ಜ್ವರ ಸುಮಾರು 24 ಗಂಟೆ, ನಾಲ್ಕನೆಯದು 30ರವರೆಗೂ ಹೋಗುತ್ತದೆ.

ಎಬ್ಬಿಸುವಾಗ ಆಗುವ ಆತುರವೇ ಹೆಚ್ಚು ಹಾಳು ಮಾಡುವುದು. ಕಾಲುಭಾಗ ಎದ್ದು ತಲೆ ಆಡಿಸಿದರೆ ಪಾಪ ಹಸಿದಿವೆ ಎಂದು ಸೊಪ್ಪು ಹಾಕುತ್ತಾರೆ. ಬೇಡ. ಮೊದಲು ಎದ್ದದ್ದು ಕೆಲವು ಗಂಟೆ ಉಪವಾಸ ತಡೆದುಕೊಳ್ಳುತ್ತದೆ, ಏಳದೆ ಕೂತದ್ದರ ಮೇಲೆ ರೆಂಬೆ ಬಿದ್ದರೆ ಅದು ತಡೆಯುವುದಿಲ್ಲ. 95 ಭಾಗ ಎದ್ದಿರಬೇಕು. ಆಗ ಹಾಸಿಗೆ ಸೋಂಕುನಿವಾರಕ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ. ಹೊಸ ಚರ್ಮ ಸಡಿಲ, ಸುಕ್ಕುಸುಕ್ಕು, ಬಾಯಿಯೂ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೊದಲ ಸೊಪ್ಪು ತುಸು ಎಳೆಯದಿರಲಿ.

ಒಂದು ಮಾತ್ರ ಬೇರೆ ಲೆಕ್ಕ. ಎಲ್ಲವೂ ಕೂತಿರುವಾಗ ಕೂರದೆ ಹಾಸಿಗೆ ಅಂಚಿನಲ್ಲಿ ಅಲೆಯುವ, ಚರ್ಮ ಹೊಳೆಯುವ, ಗೆಣ್ಣು ಗೆಣ್ಣಿಗೂ ಊದಿದ ಹುಳು ಕಂಡರೆ ಅದು ಜ್ವರ ತಡವಾದದ್ದಲ್ಲ, ಹಾಲುತೊಂಡೆ ಎಂಬ ಅಂಟುರೋಗ. ಗಾಯವಾದರೆ ಹಾಲಿನಂಥ ರಸ ಬರುತ್ತದೆ, ಆ ರಸದಲ್ಲೇ ರೋಗ ಹರಡುವುದು. ಚುಚ್ಚಿ ನೋಡುವ ಪ್ರಯೋಗ ಹಾಸಿಗೆ ಮೇಲೆ ಮಾಡಬೇಡಿ. ಇಕ್ಕಳದಲ್ಲಿ ಎತ್ತಿ, 2% ಬ್ಲೀಚಿಂಗ್ ಪೌಡರ್ ಮತ್ತು 0.3% ಸುಣ್ಣ ಕಲಸಿದ ನೀರಿನ ಬೇಸಿನ್‌ಗೆ ಹಾಕಿ, ಆಮೇಲೆ ಹೂಳಿ.