ಗಾಡಿಯನ್ನು ಫೋರ್ ಹೈಗೆ (ನಾಲ್ಕೂ ಚಕ್ರ ಎಳೆಯುವ ಸ್ಥಾನ) ಹಾಕಿದರೆ ಅದರ ದೀಪ ಮಿಣುಕುತ್ತೆ, ಮುಂದಿನ ಚಕ್ರ ಎಳೆಯಲ್ಲ. ಶಿಫ್ಟ್ ಮೋಟಾರ್ (ಫೋರ್ ಹೈಗೆ ಗೇರ್ ಸರಿಸುವ ಮೋಟಾರ್) ಬದಲಿಸಲೇ, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಿಸಲೇ?

ಸದ್ಯಕ್ಕೆ ಎರಡೂ ಬೇಡ. ಸ್ವಿಚ್ ತಿರುಗಿಸಿದರೆ ಕೆಳಗೆ ಮೋಟಾರ್ ಸದ್ದು ಕೇಳುತ್ತೆ ಅಂತ ನೀವೇ ಬರೆದಿದ್ದೀರಿ. ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಹೀರುವ ಸೆಳೆತದಿಂದ ಕೂಡಿಕೊಳ್ಳುವ ಗಾಡಿ ಅಂತಲೂ ಹೇಳಿದ್ದೀರಿ. ನನ್ನ ಪಿಕಪ್ಪೂ ಅದೇ ಥರದ್ದು, ತೊಂದರೆಯೂ ಥೇಟ್ ಇದೇ. ಸದ್ದು ಬರೋದು, ದೀಪ ಮಿಣುಕೋದು, ಕೆಸರಿನಲ್ಲಿ ಹಿಂದಿನ ಚಕ್ರ ಮಾತ್ರ ಗಿರಗಿರ ಸುತ್ತೋದು.

ನಾನು ಆ ಸದ್ದನ್ನೇ ಹಿಡಿದುಕೊಂಡೆ. ಮೋಟಾರ್ ತಿಣುಕುತ್ತಿದೆ, ಗೇರ್ ಪೂರ್ತಿ ಬೀಳುತ್ತಿಲ್ಲ ಅಂತ ತೀರ್ಮಾನಿಸಿ ಹೊಸ ಮೋಟಾರ್ ತಂದೆ. ಕೆಟ್ಟಿರೋದು ಯಾವ ಕಡೆ ಅಂತ ನೋಡದೆಯೇ ಸಾಮಾನು ತಂದಿದ್ದೇ ನನಗೆ ದುಬಾರಿಯಾಗಿದ್ದು. ಫೋರ್ ವೀಲ್ ಕೂಡಿಕೊಳ್ಳೋದು ಎರಡು ಜಾಗದಲ್ಲಿ. ಮೊದಲು ಟ್ರಾನ್ಸ್‌ಫರ್ ಕೇಸಿನೊಳಗೆ: ಮೋಟಾರ್ ಫೋರ್ಕನ್ನು (ಗೇರ್ ತಳ್ಳುವ ಕವಲು) ಸರಿಸುತ್ತೆ, ಮುಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಶಕ್ತಿ ಹೋಗುತ್ತೆ. ಆಮೇಲೆ ಮುಂದಿನ ಆಕ್ಸಲ್‌ನಲ್ಲಿ: ಅಲ್ಲಿ ಎರಡು ತುಂಡಾಗಿರುವ ಶಾಫ್ಟನ್ನು ಒಂದು ಹಲ್ಲಿನ ಕಾಲರ್ ಸರಿದು ಬೆಸೆಯುತ್ತೆ. ನಮ್ಮಂಥ ಗಾಡಿಗಳಲ್ಲಿ ಆ ಕಾಲರನ್ನು ಎಳೆಯೋದು ಎಂಜಿನ್ನಿನ ವ್ಯಾಕ್ಯೂಮ್. ಎರಡನೆಯದು ಆಗದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ತಿರುಗಿದರೂ ಚಕ್ರಕ್ಕೆ ಏನೂ ಮುಟ್ಟಲ್ಲ. ನನ್ನ ಮೋಟಾರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ದೀಪ ಮಿಣುಕುತ್ತಿದ್ದದ್ದು, ಕಾಲರ್ ಬಂದು ಸೇರಿತು ಅಂತ ಆಕ್ಸಲ್ ಮೇಲಿನ ಸ್ವಿಚ್ ಹೇಳದೇ ಇದ್ದದ್ದಕ್ಕೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಮೋಟಾರ್ ಕೂರಿಸುವಾಗ ಅದರ ಸ್ಥಾನವೂ ಟ್ರಾನ್ಸ್‌ಫರ್ ಕೇಸಿನ ಶಾಫ್ಟಿನ ಸ್ಥಾನವೂ ಒಂದೇ ಆಗಿರಬೇಕು. ನಾನು ಬೋಲ್ಟಿನ ತೂತು ಕೂಡಲಿ ಅಂತ ಶಾಫ್ಟನ್ನು ಸ್ಪ್ಯಾನರ್ ಹಾಕಿ ತಿರುಗಿಸಿ ಬಿಗಿದುಬಿಟ್ಟೆ. ಕಂಟ್ರೋಲ್ ಯೂನಿಟ್ ಟೂ ಹೈ (ಹಿಂದಿನ ಎರಡೇ ಚಕ್ರ ಎಳೆಯುವ ಸ್ಥಾನ) ಅಂದುಕೊಂಡಾಗ ಒಳಗೆ ಗೇರ್ ನ್ಯೂಟ್ರಲ್‌ನಲ್ಲಿ ನಿಂತಿರುತ್ತಿತ್ತು. ಇಲ್ಲದ ತೊಂದರೆಯನ್ನು ದುಡ್ಡು ಕೊಟ್ಟು ತಂದುಕೊಂಡ ಹಾಗಾಯಿತು. ಅದನ್ನು ಬಿಚ್ಚಿ ಸರಿಮಾಡಿದ ಮೇಲೂ ಮೊದಲಿನ ರೋಗ ಹಾಗೇ ಇತ್ತು.

ಕೊನೆಗೆ ಸಿಕ್ಕಿದ್ದು ಬ್ಯಾಟರಿ ಇಡುವ ತಟ್ಟೆಯ ಕೆಳಗೆ ಹಾದುಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನಲ್ಲಿ. ನೆಟ್ಟಗಿದ್ದಾಗ ಏನೂ ಕಾಣಲ್ಲ, ಕರ್ರಗೆ ಚೆನ್ನಾಗೇ ಇದೆ ಅನಿಸುತ್ತೆ. ಬೆರಳಲ್ಲಿ ಬಗ್ಗಿಸಿದರೆ ಸೀಳು ಬಾಯಿ ಬಿಡುತ್ತೆ. ಆ ಜಾಗದಲ್ಲಿ ಬಿಸಿಯೂ ಇರುತ್ತೆ, ಆಸಿಡ್ ಹನಿಯೂ ಬೀಳುತ್ತೆ, ರಬ್ಬರ್ ಒಣಗಿ ಬಿರಿಯುತ್ತೆ.

ಹಾಗಾಗಿ ನೀವು ಮೊದಲು ಇದನ್ನು ಮಾಡಿ. ಸಮತಟ್ಟಾದ ಜಾಗದಲ್ಲಿ ಫೋರ್ ಹೈ ಹಾಕಿ, ಎಂಜಿನ್ ಆಫ್ ಮಾಡಿ, ಗೇರಿನಲ್ಲಿ ಬಿಡಿ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ನುಸುಳಬೇಡಿ. ಈಗ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಟ್ರಾನ್ಸ್‌ಫರ್ ಕೇಸಿನ ಕಡೆ ತೊಂದರೆ, ಆಗ ಮೋಟಾರ್ ವಿಷಯ ಮಾತಾಡೋಣ. ಅಲ್ಲಾಡದೆ ಗಟ್ಟಿಯಾಗಿದ್ದರೆ ಒಂದು ಚಕ್ರ ತಿರುಗಿಸಿ. ಇನ್ನೊಂದು ಚಕ್ರ ಉಲ್ಟಾ ತಿರುಗಿದರೆ ಆಕ್ಸಲ್ ಕೂಡಿದೆ ಅಂತ ಅರ್ಥ. ಸುಮ್ಮನೆ ನಿಂತಿದ್ದರೆ ಕಾಲರ್ ಸೇರಿಲ್ಲ. ಇದು ಸಾಮಾನ್ಯ ಓಪನ್ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇರುವ ಮುಂದಿನ ಆಕ್ಸಲ್‌ಗೆ ಹೇಳಿದ್ದು.

ನಿಮ್ಮದು ಆಕ್ಸಲ್ ಕಡೆಯ ತೊಂದರೆಯೇ ಆಗಿರುತ್ತೆ ಅನ್ನೋದು ನನ್ನ ಅಂದಾಜು. ಹತ್ತುವಾಗ ಜಾಸ್ತಿ ಕೈಕೊಡುತ್ತೆ ಅಂದಿದ್ದೀರಲ್ಲ, ಅದಕ್ಕೇ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮ್ಯಾನಿಫೋಲ್ಡ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ವ್ಯಾಕ್ಯೂಮ್ ಬಿದ್ದುಹೋಗುತ್ತೆ. ಪೈಪ್ ಸೋರುತ್ತಿದ್ದರೆ ಕಾಲರನ್ನು ಎಳೆದಿಡಲು ಏನೂ ಉಳಿಯಲ್ಲ. ಕಾಲರ್ ಎಳೆಯುವ ಆಕ್ಚುಯೇಟರ್‌ನ ಪೈಪ್ ಕಿತ್ತು, ಆಕ್ಚುಯೇಟರ್‌ಗೆ ವ್ಯಾಕ್ಯೂಮ್ ಕೈಪಂಪು ಹಾಕಿ 15 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ಎಳೆಯಿರಿ. ಪಂಪಿನ ಮೀಟರಿನ ಮುಳ್ಳು ಇಳಿಯದೆ ನಿಂತರೆ ಆಕ್ಚುಯೇಟರ್ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಚೆನ್ನಾಗಿದೆ. ಪೈಪಿನ ತುದಿಯಲ್ಲಿ ಗೇರ್ ಆಯಿಲ್ ಜಿಡ್ಡು ಕಂಡರೆ ಡಯಾಫ್ರಮ್ ಹರಿದಿರೋ ಸಾಧ್ಯತೆ ಹೆಚ್ಚು. ಎರಡೂ ಸರಿ ಇದ್ದರೆ ಅಲ್ಲಿಂದ ಹಿಂದಕ್ಕೆ ಸೊಲೆನಾಯ್ಡ್‌ವರೆಗೆ (ವ್ಯಾಕ್ಯೂಮ್ ಬಿಡುವ, ತಡೆಯುವ ಕರೆಂಟ್ ವಾಲ್ವ್), ಅಲ್ಲಿಂದ ಎಂಜಿನ್‌ವರೆಗೆ ಪ್ರತಿ ಪೈಪನ್ನೂ ಬಗ್ಗಿಸಿ ಬಗ್ಗಿಸಿ ನೋಡುತ್ತಾ ಹೋಗಿ.

ಮತ್ತೆ ಪರೀಕ್ಷೆ ಮಾಡುವಾಗ ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿಕೊಂಡು ತಿರುವು ತೆಗೆಯಬೇಡಿ, ಡ್ರೈವ್‌ಲೈನ್ ಬಿಗಿದುಕೊಂಡು ಆಮೇಲೆ ಟೂ ಹೈಗೂ ಬರಲ್ಲ ಅಂತ ಹಟ ಹಿಡಿಯುತ್ತೆ. ಮಣ್ಣಿನ ಮೇಲೆ ನೋಡಿ. ಚಕ್ರ ಎತ್ತಿದಾಗ ಯಾವುದು ತಿರುಗಿತು, ಯಾವುದು ನಿಂತಿತ್ತು ಅಂತ ಕೆಳಗೆ ಬರೆಯಿರಿ, ಮುಂದಿನದು ಹೇಳುತ್ತೇನೆ.