ಮೈಸೂರಿನಿಂದ ಮಕ್ಕಳ ಜೊತೆ ಸೈಕಲ್‌ನಲ್ಲಿ ಬೆಟ್ಟದ ಕಡೆಗೆ: ಊಟಿಯೋ, ಮಡಿಕೇರಿಯೋ?

ನೀವು ಕೇಳಿದ್ದು ಇಷ್ಟು: ಗಂಡ, ಹೆಂಡತಿ, 12 ವರ್ಷದ ಮಗ, 9 ವರ್ಷದ ಮಗಳು, ನಾಲ್ಕು ಜನಕ್ಕೆ ನಾಲ್ಕು ಸೈಕಲ್. ಮೈಸೂರಿನಿಂದ ಹೊರಟು ಊಟಿಗೋ ಮಡಿಕೇರಿಗೋ ಹೋಗಬೇಕು, ಎರಡೂ ಹೆಚ್ಚುಕಡಿಮೆ ಒಂದೇ ದೂರ ಅಲ್ವಾ, ಯಾವುದು ಆಗಬಹುದು ಅಂತ. ನಾವೂ ಮಕ್ಕಳನ್ನು ಕಟ್ಟಿಕೊಂಡು ಈ ಕಡೆ ಸೈಕಲ್ ತುಳಿಯುವವರೇ. ನನ್ನ ಉತ್ತರ: ಮಡಿಕೇರಿಗೆ ಹೋಗಿ. ಊಟಿ ಈಗ ಬೇಡ.

ದೂರ ಒಂದೇ ಅನ್ನುವುದು ನಿಜ. ಮಡಿಕೇರಿ ಸುಮಾರು 120 ಕಿ.ಮೀ., ಮಸಿನಗುಡಿ ದಾರಿಯಲ್ಲಿ ಹೋದರೆ ಊಟಿಯೂ ಅಷ್ಟೇ ಆಗುತ್ತದೆ. ಆದರೆ ಸೈಕಲ್ಲಿಗೆ ಕಿಲೋಮೀಟರ್ ಲೆಕ್ಕ ಸಾಲದು, ಏರಿನ ಲೆಕ್ಕ ಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಸುಮಾರು 1,150. ಊಟಿ 2,200 ದಾಟುತ್ತದೆ. ಆ ಏರಿನ ಬಹುಪಾಲು ಮಸಿನಗುಡಿಯಿಂದ ಮುಂದೆ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಒಂದೇ ಸಲ ಬರುತ್ತದೆ. ಪಳಗಿದ ದೊಡ್ಡವರೇ ಅಲ್ಲಿ ಇಳಿದು ಸೈಕಲ್ ತಳ್ಳುತ್ತಾರೆ.

ಏರಿಗಿಂತ ನನಗೆ ಜಾಸ್ತಿ ಭಯ ಕಾಡಿನದು. ಗುಂಡ್ಲುಪೇಟೆ ದಾಟಿದರೆ ಬಂಡೀಪುರ, ಅದು ಮುಗಿಯುವಷ್ಟರಲ್ಲಿ ಮುದುಮಲೈ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ಹಗಲಲ್ಲೂ ದಾರಿ ಮಧ್ಯೆ ನಿಲ್ಲುವಂತಿಲ್ಲ, ಇಳಿಯುವಂತಿಲ್ಲ. ಆನೆ ಅಡ್ಡ ಬಂದರೆ ಕಾರಿನವರು ಗಾಜು ಏರಿಸಿ ಹಿಂದೆ ಸರಿಯುತ್ತಾರೆ. ಸೈಕಲ್ ಮೇಲಿರುವ ಒಂಬತ್ತು ವರ್ಷದ ಮಗು ಏನು ಮಾಡಬೇಕು? ಮಕ್ಕಳಿಗೆ ನೀರು ಬೇಕು, ಮೂತ್ರಕ್ಕೆ ಹೋಗಬೇಕು, ಸುಮ್ನೆ ಹತ್ತು ನಿಮಿಷ ಕೂರಬೇಕು ಅನ್ನಿಸುತ್ತದೆ. ನಿಲ್ಲುವ ಹಾಗೇ ಇಲ್ಲದ ದಾರಿಗೆ ಮಕ್ಕಳನ್ನು ಸೈಕಲ್‌ನಲ್ಲಿ ಕರೆದುಕೊಂಡು ಹೋಗಬೇಡಿ. ಇದೇ ಕಾರಣಕ್ಕೆ ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಹೋಗುವ ದಾರಿಯೂ ಬೇಡ, ಅದೂ ನಾಗರಹೊಳೆ ಕಾಡಿನ ಒಳಗೇ ಹೋಗುತ್ತದೆ.

ಇನ್ನು ಮಡಿಕೇರಿ ದಾರಿ. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ. ಊರಿಂದ ಊರಿಗೆ ಎಲ್ಲೂ ದೂರ ಜಾಸ್ತಿ ಇಲ್ಲ. ಎಲ್ಲ ಕಡೆ ಹೋಟೆಲ್, ಔಷಧಿ ಅಂಗಡಿ, ಬಸ್ಸು ಸಿಗುತ್ತವೆ. ಕುಶಾಲನಗರದವರೆಗೆ ಸುಮಾರು 90 ಕಿ.ಮೀ. ಸಣ್ಣಪುಟ್ಟ ಏರಿಳಿತ ಅಷ್ಟೇ. ನಿಜವಾದ ಏರು ಕೊನೆಯ 30 ಕಿ.ಮೀ.ನಲ್ಲಿ. ಹಾಗಾಗಿ ಅದಕ್ಕೆಂದೇ ಒಂದು ದಿನ ಎತ್ತಿಡಬಹುದು. ನಿಮಗೆ ಈ ದಾರಿ ಹೇಳುವುದಕ್ಕೆ ಮುಖ್ಯ ಕಾರಣವೇ ಇದು.

ಮೊದಲ ದಿನ ಹುಣಸೂರಿನವರೆಗೆ, ಸುಮಾರು 45 ಕಿ.ಮೀ. ಎರಡನೇ ದಿನ ಅಷ್ಟೇ ತುಳಿದರೆ ಬೈಲಕುಪ್ಪೆ, ಕುಶಾಲನಗರ. ಮೂರನೇ ದಿನ ಸೈಕಲ್ ಮುಟ್ಟಬೇಡಿ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಟಿಬೆಟಿಯನ್ನರ ಹೋಟೆಲಿನಲ್ಲಿ ಬಿಸಿ ತುಕ್ಪಾ (ನೂಡಲ್ಸ್ ಹಾಕಿದ ಸೂಪು) ಕುಡಿಸಿ, ಮಧ್ಯಾಹ್ನ ಮಕ್ಕಳನ್ನು ಮಲಗಿಸಿ. ನಾಲ್ಕನೇ ದಿನ ಏರು. ಮಗಳಿಗೆ ಕಷ್ಟ ಅನ್ನಿಸಿದರೆ ಸುಂಟಿಕೊಪ್ಪದ ಹತ್ತಿರ ಯಾವುದಾದರೂ ಹೋಂಸ್ಟೇಯಲ್ಲಿ ಉಳಿದು ಮಾರನೆಯ ದಿನ ಮುಂದುವರಿಯಿರಿ. ಅಂಥ ಜಾಗ ಮೊದಲೇ ನೋಡಿ ಫೋನ್ ನಂಬರ್ ಇಟ್ಟುಕೊಂಡಿರಿ. ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡು ಸಿಗುತ್ತದೆ, ಹೆಸರೇ ಹೇಳುವ ಹಾಗೆ ಅಲ್ಲಿ ಆನೆ ರಸ್ತೆ ದಾಟುತ್ತವೆ. ಬಂಡೀಪುರದಷ್ಟು ಉದ್ದ ಇಲ್ಲ, ಆದರೂ ಮುಂಜಾನೆ ಮಂಜಿನಲ್ಲಿ ಬೇಡ, ಸಂಜೆಗತ್ತಲಲ್ಲಿ ಖಂಡಿತ ಬೇಡ. ತಿಂಡಿ ಮುಗಿಸಿ, ಬಿಸಿಲು ಬಂದು, ರಸ್ತೆಯಲ್ಲಿ ವಾಹನ ಓಡಾಡುವ ಹೊತ್ತಿಗೆ ದಾಟಿ. ಹೊರಡುವ ಮುಂಚೆ ಹೋಟೆಲಿನವರನ್ನೋ ಆಟೋದವರನ್ನೋ "ಇವತ್ತು ಆನೆ ಇದೆಯಾ?" ಅಂತ ಕೇಳಿ. ಅವರಿಗೆ ಗೊತ್ತಿರುತ್ತದೆ. ಇದೆ ಅಂದರೆ ಅಷ್ಟು ದೂರ ಸೈಕಲ್‌ಗಳನ್ನು ಗೂಡ್ಸ್ ಗಾಡಿಗೆ ಹಾಕಿ ದಾಟಿಸಿ. ಪೂರ್ತಿ ತುಳಿದೇ ಹೋಗಬೇಕು ಅನ್ನುವ ಹಟ ಮಕ್ಕಳ ಜೊತೆ ಹೋಗುವಾಗ ಬೇಡ.

ಈ ಹೆದ್ದಾರಿಯಲ್ಲಿ ನನಗೆ ಇಷ್ಟವಾಗದ್ದು ಒಂದೇ, ಶನಿವಾರ ಭಾನುವಾರದ ಕಾರುಗಳು. ಏರಿನ ದಿನ ಗುರುವಾರ ಬರುವ ಹಾಗೆ ಸೋಮವಾರ ಹೊರಡಿ. ದಸರಾ ರಜೆ ಬೇಡ. ಆಗ ಮೈಸೂರಲ್ಲೂ ಮಡಿಕೇರಿಯಲ್ಲೂ ಜಾತ್ರೆ, ಮಳೆಯೂ ಪೂರ್ತಿ ಹೋಗಿರುವುದಿಲ್ಲ. ಡಿಸೆಂಬರ್ ಕೊನೆಯ ವಾರವೂ ಬೇಡ. ಮಳೆಗಾಲದ ಮಾತೇ ಬೇಡ: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೇ ಮುರಿದುಹೋಗಿತ್ತು. ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಒಂದು ವಾರ ರಜೆ ಹೇಳಿ ಹೋಗಿ. ಬಿಸಿಲು ಹಿತವಾಗಿರುತ್ತದೆ. ಕೊಡಗಿನಲ್ಲಿ ಕಾಫಿ ಕೊಯ್ಲಿನ ಸಮಯ, ಕಣದ ತುಂಬ ಹಣ್ಣು ಹರವಿರುತ್ತಾರೆ. ಮಕ್ಕಳಿಗೆ ಅದನ್ನು ತೋರಿಸುವುದಕ್ಕಾದರೂ ಹೋಗಬೇಕು.

ಸೈಕಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗಳದು ಗೇರ್ ಇಲ್ಲದ ಸೈಕಲ್ ಆದರೆ ಈ ಏರಿಗೆ ಆಗುವುದಿಲ್ಲ. ಚೈನು ಕೂರುವ ಹಲ್ಲಿನ ಚಕ್ರಗಳಲ್ಲಿ, ಪೆಡಲ್ಲಿನ ಹತ್ತಿರದ ಮುಂದಿನ ಸಣ್ಣ ಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲು ಜಾಸ್ತಿ ಇರಬೇಕು, ಉದಾಹರಣೆಗೆ ಮುಂದೆ 28, ಹಿಂದೆ 32. ಆಗ ನಿಧಾನವಾಗಿಯಾದರೂ ಕೂತೇ ಹತ್ತಬಹುದು. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸುವುದನ್ನು ಮನೆ ಹತ್ತಿರವೇ ಕಲಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಟಕಟ ಅನ್ನುತ್ತದೆ, ಕಳಚಿಕೊಳ್ಳಲೂಬಹುದು.

ಬ್ರೇಕ್ ಹಿಡಿಯ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹ್ಯಾಂಡಲ್ಲಿನ ಹತ್ತಿರಕ್ಕೆ ಬರುತ್ತದೆ. ಮಗಳನ್ನು ಸೀಟಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದಂತೆಯೇ ಎರಡು ಬೆರಳು ಚಾಚಿ ಬ್ರೇಕ್ ಒತ್ತಲು ಹೇಳಿ. ಬೆರಳಿನ ತುದಿ ಮಾತ್ರ ತಾಗಿದರೆ ಇನ್ನೂ ಹತ್ತಿರ ತನ್ನಿ. ಬೆರಳಿನ ಮೊದಲ ಗೆಣ್ಣು ಹಿಡಿಯ ಮೇಲೆ ಕೂರಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಮಾಡಿಕೊಡುವುದಿಲ್ಲ, ಇಳಿಜಾರಿನಲ್ಲಿ ಮಗುವಿನ ಕೈ ನೋಯುವುದಕ್ಕೆ ಇದೇ ಕಾರಣ. ತಿರುವಿನ ಒಳಗೆ ಬ್ರೇಕ್ ಒತ್ತಬಾರದು, ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ಎರಡೂ ಬ್ರೇಕ್ ಸೇರಿಸಿ. ಇದನ್ನು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬೆಳಗ್ಗೆ ಬೇಗ ಹೋಗಿ ಅಭ್ಯಾಸ ಮಾಡಿಸಿ.

ಏರಿನಲ್ಲಿ ಮಗಳು ಸೋತಾಗ ಒಂದು ಹಳೇ ಟ್ಯೂಬ್ ಬಹಳ ಸಹಾಯ ಮಾಡುತ್ತದೆ. ಅದನ್ನು ಕತ್ತರಿಸಿ ಉದ್ದ ಮಾಡಿ, ಒಂದು ತುದಿ ನಿಮ್ಮ ಸೀಟಿನ ಕಂಬಕ್ಕೆ, ಇನ್ನೊಂದು ಅವಳ ಹ್ಯಾಂಡಲ್ಲಿನ ನಡುವಿಗೆ, ಎಳೆದರೆ ಥಟ್ಟನೆ ಬಿಚ್ಚುವಂಥ ಗಂಟು. ರಬ್ಬರ್ ಜಗ್ಗುವುದರಿಂದ ಎಳೆತ ಒಮ್ಮೆಗೇ ಬೀಳುವುದಿಲ್ಲ, ಅವಳೂ ತುಳಿಯುತ್ತಲೇ ಇರುತ್ತಾಳೆ. ವಾಹನ ಕಡಿಮೆ ಇರುವ ಏರಿನಲ್ಲಿ ಮಾತ್ರ ಕಟ್ಟಿ. ಮೊದಲು ಖಾಲಿ ಮೈದಾನದಲ್ಲಿ ಕಟ್ಟಿ ನೋಡಿ. ಸಮತಟ್ಟು ಬಂದ ತಕ್ಷಣ ಬಿಚ್ಚಿ. ಇಳಿಜಾರಿನಲ್ಲಿ ಎಂದೂ ಕಟ್ಟಬೇಡಿ.

ಪಂಕ್ಚರ್ ಅಂಗಡಿ ದಾರಿಯುದ್ದಕ್ಕೂ ಇವೆ. ಆದರೆ ಹೊಸ ಗೇರ್ ಸೈಕಲ್‌ಗಳಲ್ಲಿ ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಅಲ್ಲಿನ ಪಂಪು ಕೂರುವುದಿಲ್ಲ. ಬೆರಳಿನ ತುದಿಯಷ್ಟೇ ಇರುವ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವ್‌ಗೇ ತಿರುಗಿಸಿಟ್ಟುಕೊಳ್ಳಿ. ಪ್ರತಿ ಸೈಕಲ್ಲಿಗೆ ಒಂದು ಸ್ಪೇರ್ ಟ್ಯೂಬ್, ಒಂದು ಪಂಪು, ಅಲೆನ್ ಕೀ (ಆರು ಮೂಲೆಯ ಸ್ಕ್ರೂ ತಿರುಗಿಸುವ ಕೀಲಿ) ಇದ್ದರೆ ಸಾಕು. ಸಾಮಾನನ್ನೆಲ್ಲ ನಿಮ್ಮಿಬ್ಬರ ಕ್ಯಾರಿಯರ್ ಮೇಲೆ ಕಟ್ಟಿ, ಯಾರ ಬೆನ್ನಿಗೂ ಚೀಲ ಬೇಡ. ಮಕ್ಕಳ ಸೈಕಲ್ಲಿನಲ್ಲಿ ನೀರು, ಸ್ವೆಟರ್ ಅಷ್ಟೇ.

ರಸ್ತೆಯಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಹಿಂದಿನವರು ಮಗುವಿನ ಸಾಲಿಗಿಂತ ಒಂದಡಿ ಬಲಕ್ಕೆ ಇರಿ. ಬರುವ ವಾಹನ ಮೊದಲು ನಿಮ್ಮನ್ನು ನೋಡಿ ದೂರ ಸರಿಯುತ್ತದೆ. ಊಟಕ್ಕೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಸಿ: ಬಾಳೆಹಣ್ಣು, ಕಡಲೆ ಮಿಠಾಯಿ, ಎಳನೀರು. ಮಗು "ಸುಸ್ತು" ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಮಾತು ನಿಲ್ಲಿಸುತ್ತದೆ. ಹರಟುತ್ತಿದ್ದವಳು ಸುಮ್ಮನಾದಳು ಅಂದರೆ ಅಲ್ಲೇ ನಿಲ್ಲಿ.

ಇಷ್ಟಕ್ಕೆ ಮುಂಚೆ ಒಮ್ಮೆ ಮೇಲುಕೋಟೆಗೆ ಹೋಗಿ ಬನ್ನಿ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಸುಮಾರು 50 ಕಿ.ಮೀ. ಹೆಚ್ಚಿನ ದಾರಿ ಕಬ್ಬು, ಗದ್ದೆಗಳ ನಡುವೆ, ಕೊನೆಯಲ್ಲಿ ಬೆಟ್ಟದ ಏರು. ಮಡಿಕೇರಿ ದಾರಿಯದೇ ಚಿಕ್ಕ ರೂಪ. ಆಲೆಮನೆಯಲ್ಲಿ ಬಿಸಿ ಬೆಲ್ಲ ತಿನ್ನಿಸಿ, ಮೇಲೆ ಪುಳಿಯೋಗರೆ ತಿಂದು, ರಾತ್ರಿ ಉಳಿದು, ಮಾರನೆಯ ದಿನ ವಾಪಸ್ ತುಳಿದು ಬನ್ನಿ. ಎರಡನೇ ಬೆಳಗ್ಗೆ ಮಕ್ಕಳು ಖುಷಿಯಿಂದ ಸೈಕಲ್ ಹತ್ತಿದರೆ ಮಡಿಕೇರಿಗೆ ಸಿದ್ಧ ಅಂತ ಅರ್ಥ. ಮುಖ ಸಣ್ಣ ಮಾಡಿದರೆ ಒಂದು ವರ್ಷ ಕಾಯಿರಿ.

ಮಡಿಕೇರಿಯಿಂದ ವಾಪಸ್ ಬರುವಾಗ ತುಳಿಯಬೇಡಿ. ಕೊಡಗಿಗೆ ರೈಲಿಲ್ಲ, ಬಸ್ಸಿನಲ್ಲಿ ನಾಲ್ಕು ಸೈಕಲ್ ಹಾಕಿಕೊಳ್ಳುತ್ತಾರೆ ಅಂತ ನಂಬುವ ಹಾಗಿಲ್ಲ. ಟಾಟಾ ಏಸ್ ಒಂದನ್ನು ಮೊದಲೇ ಮಾತಾಡಿಟ್ಟು, ಸೈಕಲ್‌ಗಳ ನಡುವೆ ಹಳೇ ಕಂಬಳಿ ಸಿಕ್ಕಿಸಿ ಕಳಿಸಿ, ನೀವು ಬಸ್ಸಿನಲ್ಲಿ ಬನ್ನಿ. ಮಗಳ ಎತ್ತರ ಎಷ್ಟು, ಅವಳ ಸೈಕಲ್ಲಿನ ಮುಂದಿನ, ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಹಲ್ಲು ಅಂತ ಎಣಿಸಿ ಇಲ್ಲೇ ಬರೆಯಿರಿ. ಆ ಏರಿಗೆ ಸಾಕಾಗುತ್ತದೋ ಇಲ್ಲವೋ ಹೇಳುತ್ತೇನೆ.