ಮೆಟಲ್ ಹ್ಯಾಲೈಡ್ ಇಳಿಸುವ ಮುನ್ನ: ಹವಳದ ತೊಟ್ಟಿಗೆ ಎಲ್‌ಇಡಿ ಹಾಕುವವರಿಗೆ ಒಂದು ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ತೊಟ್ಟಿ. ಮೇಲೆ 250 ವ್ಯಾಟಿನ ಎರಡು ಮೆಟಲ್ ಹ್ಯಾಲೈಡ್ (ತುಂಬಾ ಬಿಸಿಯಾಗುವ ಹಳೆಯ ಬಗೆಯ ದೀಪ), 14,000 ಕೆಲ್ವಿನ್ನಿನ ನೀಲಿಬಿಳಿ ಬಲ್ಬು. ಬಂಡೆಯ ಮೇಲೆ ಕೊಂಬೆಯಾಕಾರದ ಹವಳ ಆಕ್ರೊಪೋರ, ತಟ್ಟೆಯಾಕಾರದ ಮಾಂಟಿಪೋರ; ಮರಳಿನ ಮೇಲೆ ಒಂದಷ್ಟು ಯೂಫಿಲಿಯ ಹವಳ. ಬಲ್ಬು ಸಿಗುವುದೇ ಕಷ್ಟವಾಗಿದೆ, ಎಲ್‌ಇಡಿ ತಂದಿಟ್ಟುಕೊಂಡಿದ್ದೀರಿ. 500 ವ್ಯಾಟ್ ಹ್ಯಾಲೈಡಿಗೆ ಎಷ್ಟು ವ್ಯಾಟ್ ಎಲ್‌ಇಡಿ ಸಮ, ಈ ಭಾನುವಾರವೇ ಬದಲಿಸಿಬಿಡಲೇ, ನೀರು ತಂಪಾಗಿಸುವ ಚಿಲ್ಲರ್ ಇನ್ನು ಬೇಡವಾದ್ದರಿಂದ ಕೇಳಿದವರಿಗೆ ಮಾರಿಬಿಡಲೇ ಎಂದು ಕೇಳಿದ್ದೀರಿ.

ವ್ಯಾಟಿನ ಲೆಕ್ಕ ಬಿಡಿ. ಭಾನುವಾರ ಬೇಡ. ಚಿಲ್ಲರ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಬದಲಿಸಿದಾಗ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಲಹೆಗಳೆಲ್ಲ ಅಲ್ಲಿ ಕೈ ಸುಟ್ಟುಕೊಂಡು ಕಲಿತವು. ನನ್ನದು ಮೂರಡಿ ತೊಟ್ಟಿ, ಸಂಪ್ (ಕೆಳಗಿನ ಜೋಡಿ ತೊಟ್ಟಿ) ಸೇರಿ 300 ಲೀಟರ್ ನೀರು, 150 ವ್ಯಾಟಿನ ಎರಡು ಹ್ಯಾಲೈಡ್. ಒಂದೇ ಮಧ್ಯಾಹ್ನದಲ್ಲಿ ಹಳೆಯದನ್ನು ಕಳಚಿ ಹೊಸದನ್ನು ಏರಿಸಿದೆ. ಹಚ್ಚಿದರೆ ತೊಟ್ಟಿ ಮಂಕಾಗಿ, ಸಂಜೆಗತ್ತಲಿನಂತೆ ಕಂಡಿತು. ಪಾಪ, ಹವಳಗಳಿಗೆ ಬೆಳಕು ಸಾಲದು ಎಂದುಕೊಂಡು ನೀಲಿ ಚಾನೆಲ್ಲನ್ನು (ದೀಪದಲ್ಲಿ ಪ್ರತಿ ಬಣ್ಣಕ್ಕೂ ಬೇರೆಯಾಗಿರುವ ನಿಯಂತ್ರಣ) ಶೇ 80ಕ್ಕೆ ಏರಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ತಟ್ಟೆಯಾಕಾರದ ಮಾಂಟಿಪೋರದ ಮೇಲ್ಮೈ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಅದರ ಮಧ್ಯೆ ಮಾತ್ರ ಕವಲೊಡೆದ ಒಂದು ಕಂದು ಆಕೃತಿ. ಏನೆಂದು ಬಗ್ಗಿ ನೋಡಿದೆ. ಮೇಲೆ ಚಾಚಿಕೊಂಡಿದ್ದ ಆಕ್ರೊಪೋರದ ನೆರಳು, ಕೊಂಬೆಕೊಂಬೆಯೂ ಬಿಡದಂತೆ, ತಟ್ಟೆಯ ಮೇಲೆ ಅಚ್ಚೊತ್ತಿತ್ತು. ನೆರಳು ಬಿದ್ದ ಕಡೆ ಹವಳ ಉಳಿದಿತ್ತು, ಬೆಳಕು ಬಿದ್ದ ಕಡೆ ಬೆಂದಿತ್ತು.

ಸಾಲದೆಂದು ಕಂಡ ಬೆಳಕೇ ಸುಟ್ಟಿತು. ಇದಕ್ಕೆ ಕಾರಣ ಕಣ್ಣು. ನಮ್ಮ ಕಣ್ಣಿಗೆ ಹಗಲಿನ ಬೆಳಕಿನಲ್ಲಿ ಅತಿ ಪ್ರಖರವಾಗಿ ಕಾಣುವುದು 555 ನ್ಯಾನೋಮೀಟರ್ ಸುತ್ತಲಿನ ಹಳದಿಮಿಶ್ರಿತ ಹಸಿರು. 450ರ ನೀಲಿಗೆ ಅದು ಕೊಡುವ ಬೆಲೆ ಇದರ ನೂರರಲ್ಲಿ ನಾಲ್ಕು ಪಾಲು ಮಾತ್ರ. ಹವಳದ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿ, ಅಂದರೆ ಜೂಸ್ಯಾಂಥೆಲ್ಲೆ, ಆ ನೀಲಿಯನ್ನೇ ಬಾಚಿಕೊಂಡು ನುಂಗುತ್ತದೆ. ತಾಳುವಷ್ಟಕ್ಕಿಂತ ಹೆಚ್ಚು ನುಂಗಿದರೆ ಅದರೊಳಗೆ ವಿಷಕಾರಿ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳ ಬಾಡಿಗೆದಾರನನ್ನೇ ಹೊರಗೆ ಹಾಕುತ್ತದೆ. ನಾವು ಬಿಳಿಚುವುದು ಎನ್ನುವುದು ಇದನ್ನೇ. ಮೊಬೈಲಿನ ಲಕ್ಸ್ ಆ್ಯಪ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಲಕ್ಸ್ ಎಂಬ ಅಳತೆಯನ್ನು ಕಟ್ಟಿರುವುದೇ ಮನುಷ್ಯನ ಕಣ್ಣಿನ ಮೇಲೆ.

ಆದ್ದರಿಂದ ಪಾರ್ ಮೀಟರ್, ಅಂದರೆ ಪಾಚಿಗೆ ಬಳಕೆಯಾಗುವ ಬೆಳಕನ್ನು ಅಳೆಯುವ ಉಪಕರಣ, ಬೇಕು. ಸ್ವಂತಕ್ಕೆ ಕೊಳ್ಳಬೇಕಿಲ್ಲ, ಇಲ್ಲಿ ಯಾರಾದರೂ ಎರಡು ದಿನಕ್ಕೆ ಕೊಡುತ್ತಾರೆ. ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಎಲ್‌ಇಡಿ ಹಾಕಿದ ಮೇಲೆ ಮೀಟರ್ ತರುತ್ತಾರೆ. ಅಳೆಯಬೇಕಾದದ್ದು ಹ್ಯಾಲೈಡ್ ಇನ್ನೂ ಉರಿಯುತ್ತಿರುವಾಗ. ನಿಮ್ಮ ಬಲ್ಬುಗಳಿಗೆ ಹದಿನಾಲ್ಕು ತಿಂಗಳಾಯಿತು ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಬದಲಿಸುವ ಬಲ್ಬು ಅದು. ಅಷ್ಟರಲ್ಲಿ ಬೆಳಕು ಕುಗ್ಗಿರುತ್ತದೆ, ಬಣ್ಣವೂ ಜಾರಿರುತ್ತದೆ. ನಿಮ್ಮ ಹವಳಗಳು ಒಗ್ಗಿಕೊಂಡಿರುವುದು ಈ ಮುಪ್ಪಾದ ಬೆಳಕಿಗೆ, ಡಬ್ಬಿಯ ಮೇಲೆ ಬರೆದಿರುವ ಬೆಳಕಿಗಲ್ಲ.

ಒಂದು ಹಾಳೆಯಲ್ಲಿ ತೊಟ್ಟಿಯ ನಕ್ಷೆ ಬರೆದುಕೊಳ್ಳಿ. ಪ್ರತಿ ಮುಖ್ಯ ಹವಳದ ತುದಿಯಲ್ಲಿ, ಅದರ ಬುಡದಲ್ಲಿ, ಮರಳಿನ ಮೇಲೆ ನಾಲ್ಕು ಕಡೆ ಅಳೆಯಿರಿ. ಅಲೆಯ ಮಿನುಗಿಗೆ ಅಂಕಿ ಕುಣಿಯುತ್ತದೆ; ಪಂಪು ನಿಲ್ಲಿಸಿ, ಸೆನ್ಸರನ್ನು ನೇರ ಮೇಲ್ಮುಖವಾಗಿ ಹಿಡಿದು, ಹತ್ತು ಹದಿನೈದು ಸೆಕೆಂಡಿನ ಸರಾಸರಿ ಬರೆಯಿರಿ. ಸುಮಾರಾಗಿ ಆಕ್ರೊಪೋರದ ತುದಿಗೆ 200ರಿಂದ 350, ಮಾಂಟಿಪೋರ ತಟ್ಟೆಗೆ 150ರಿಂದ 250, ಯೂಫಿಲಿಯಗೆ 80ರಿಂದ 150 ಮೈಕ್ರೋಮೋಲ್ (ಪಾರ್ ಮೀಟರಿನ ಅಳತೆ; ಸೆಕೆಂಡಿಗೆ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕು) ಇದ್ದರೆ ಚೆನ್ನ. ಆದರೆ ಈ ಅಂಕಿಗಳಿಗಿಂತ ನಿಮ್ಮ ಹಾಳೆಯ ಅಂಕಿ ದೊಡ್ಡದು. ನಿಮ್ಮ ಆಕ್ರೊಪೋರ 160ರಲ್ಲಿ ಬಣ್ಣ ಬಿಟ್ಟು ನಿಂತಿದ್ದರೆ ಅದರ ಲೋಕ 160. ಇನ್ನೊಂದು ಎಚ್ಚರ: ಹಳೆಯ ಮಾದರಿಯ ಸೆನ್ಸರುಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ. ಅಂಥದ್ದರಲ್ಲಿ ಎಲ್‌ಇಡಿ ಅಳೆದರೆ 200 ಎಂದು ಕಂಡದ್ದು ನಿಜದಲ್ಲಿ ಇನ್ನೂ ಹೆಚ್ಚಿರುತ್ತದೆ. ಪೂರ್ಣ ವರ್ಣಪಟಲದ ಸೆನ್ಸರನ್ನೇ ಕೇಳಿ ತರಿಸಿ, ಎರಡೂ ದೀಪಕ್ಕೆ ಅದನ್ನೇ ಬಳಸಿ.

ನಿಮ್ಮ ಫ್ರೇಮಿನಲ್ಲಿ ಎರಡು ಹ್ಯಾಲೈಡ್ ಬೇರೆಬೇರೆ ಕೊಕ್ಕೆಯಲ್ಲಿ ತೂಗುತ್ತಿರುವುದು ನಿಮ್ಮ ಅದೃಷ್ಟ. ಎಡಗಡೆಯದನ್ನು ಮಾತ್ರ ಈಗ ಇಳಿಸಿ, ಬಲಗಡೆಯದು ಇನ್ನೊಂದು ತಿಂಗಳು ಉರಿಯಲಿ. ತೊಟ್ಟಿ ನೋಡಲು ವಿಚಿತ್ರವಾಗಿರುತ್ತದೆ, ಅರ್ಧ ಹಗಲು ಅರ್ಧ ಬೆಳದಿಂಗಳು. ಮನೆಗೆ ಬಂದವರು ಒಂದು ದೀಪ ಕೆಟ್ಟಿದೆಯೇ ಎಂದು ಕೇಳುತ್ತಾರೆ. ಕೇಳಲಿ. ಎಡಗಡೆ ಏನಾದರೂ ಬಿಳಿಚಿ, ಬಲಗಡೆ ಸರಿಯಿದ್ದರೆ ತಪ್ಪು ಬೆಳಕಿನದು. ಎರಡೂ ಕಡೆ ಕೆಟ್ಟರೆ ತಪ್ಪು ನೀರಿನದು. ಒಂದೇ ದಿನ ಎರಡನ್ನೂ ಬದಲಿಸಿದವನಿಗೆ ಈ ಉತ್ತರ ಸಿಗುವುದಿಲ್ಲ.

ಎಲ್‌ಇಡಿಯನ್ನು ನೀರಿನಿಂದ 25ರಿಂದ 30 ಸೆಂಟಿಮೀಟರ್ ಮೇಲೆ ತೂಗಿಸಿ, ಹಾಳೆಯ ಅಂಕಿಯ ಮುಕ್ಕಾಲು ಪಾಲು ಬರುವಷ್ಟಕ್ಕೆ ಇಳಿಸಿ ಆರಂಭಿಸಿ. ವಾರಕ್ಕೆ ಶೇ 5ರಂತೆ ಏರಿಸಿ. ಮೀಟರ್ ಸಿಗಲೇ ಇಲ್ಲವೆಂದರೆ ದೀಪವನ್ನು ಶೇ 30ರಿಂದ 40ರ ನಡುವೆ ಹಿಡಿದು ಎರಡು ವಾರ ಸುಮ್ಮನಿರಿ. ಬೆಳಕು ಕಡಿಮೆಯಾದರೆ ಹವಳ ನಿಧಾನವಾಗಿ ಕಂದಾಗುತ್ತದೆ, ಅದನ್ನು ಸರಿಪಡಿಸಲು ವಾರಗಟ್ಟಲೆ ಸಮಯವಿರುತ್ತದೆ. ಹೆಚ್ಚಾದರೆ ನಾಲ್ಕೇ ದಿನ. ಕೆಂಪು, ಹಸಿರು ಚಾನೆಲ್ಲುಗಳನ್ನು ತೀರಾ ಕೆಳಗಿಡಿ. ಕೆಂಪು ಬೆಳಕು ಸಮುದ್ರದಲ್ಲಿ ಮೊದಲ ಕೆಲವು ಮೀಟರುಗಳಲ್ಲೇ ಕರಗಿಹೋಗುವಂಥದ್ದು, ಹವಳಕ್ಕೆ ಅದರ ಹಸಿವಿಲ್ಲ.

ಅವಧಿಯ ವಿಷಯದಲ್ಲೂ ಎಡವುವ ಒಂದು ಜಾಗ ಇದೆ. ಹ್ಯಾಲೈಡ್ ಎಂಟು ಗಂಟೆ ಉರಿದು ಆರುತ್ತದೆ. ಎಲ್‌ಇಡಿಯ ಜೊತೆ ಬರುವ ಸಿದ್ಧ ವೇಳಾಪಟ್ಟಿಗಳಲ್ಲಿ ಹನ್ನೆರಡು ಗಂಟೆಯ ಸೂರ್ಯೋದಯ, ಸೂರ್ಯಾಸ್ತ, ಮೋಡ, ಮಿಂಚು ಎಲ್ಲವೂ ಇರುತ್ತವೆ. ಹವಳ ಉಣ್ಣುವುದು ತೀವ್ರತೆ ಮತ್ತು ಗಂಟೆಗಳ ಗುಣಲಬ್ಧವನ್ನು. 200 ಮೈಕ್ರೋಮೋಲ್ ಎಂಟು ಗಂಟೆಗೆ ದಿನಕ್ಕೆ ಸುಮಾರು 5.8 ಮೋಲ್, ಅದೇ 200 ಹನ್ನೆರಡು ಗಂಟೆಗೆ 8.6. ಅಂಕಿ ಹೊಂದಿಸಿದ್ದೇನೆ ಎಂದು ನೀವು ನಿಶ್ಚಿಂತರಾಗಿರುವಾಗಲೇ ಒಂದೂವರೆ ಪಟ್ಟು ಬೆಳಕು ಬಿದ್ದಿರುತ್ತದೆ. ಆರು ಗಂಟೆ ಪೂರ್ಣ ಬೆಳಕು, ಆಚೀಚೆ ಎರಡೆರಡು ಗಂಟೆ ಏರಿಳಿತ ಸಾಕು. ಆ ಮಿಂಚಿನ ಗುಂಡಿಯನ್ನು ಮಕ್ಕಳಿಗೆ ಒಮ್ಮೆ ತೋರಿಸಿ ಆರಿಸಿಬಿಡಿ. ರಾತ್ರಿ ಪೂರ್ತಿ ಕತ್ತಲಿರಲಿ.

ಹರಡುವಿಕೆಯಲ್ಲಿ ಮಾತ್ರ ಹ್ಯಾಲೈಡನ್ನು ಎಲ್‌ಇಡಿ ಇನ್ನೂ ಸುಲಭವಾಗಿ ಸೋಲಿಸುವುದಿಲ್ಲ ಎಂಬುದು ನನ್ನ ಅನಿಸಿಕೆ. ಅಗಲವಾದ ಪ್ರತಿಫಲಕವುಳ್ಳ ಹ್ಯಾಲೈಡ್ ಹಲವು ಕೋನಗಳಿಂದ ಬೆಳಕು ಸುರಿಯುತ್ತದೆ, ಕೊಂಬೆಯ ಅಡಿಗೂ ಒಂದಿಷ್ಟು ತಲುಪುತ್ತದೆ. ಪುಟ್ಟ ಲೆನ್ಸಿನ ಎಲ್‌ಇಡಿ ಟಾರ್ಚಿನಂತೆ ಮೇಲಿನಿಂದ ಬಡಿಯುತ್ತದೆ. ಆರೇಳು ತಿಂಗಳ ನಂತರ ಆಕ್ರೊಪೋರದ ಒಳಗೊಂಬೆಗಳು ಬುಡದಿಂದ ಬೋಳಾಗುತ್ತಾ ಬಂದರೆ ಜನ ನೀರು ಪರೀಕ್ಷಿಸುತ್ತಾ ಕೂರುತ್ತಾರೆ. ಅಲ್ಲಿ ಸತ್ತದ್ದು ನೆರಳಿಗೆ. ನಾಲ್ಕಡಿಗೆ ಎರಡು ದೊಡ್ಡ ಘಟಕಗಳಿಗಿಂತ ಮೂರು ಚಿಕ್ಕವು ಮೇಲು. ನೀವು ಈಗಾಗಲೇ ಎರಡು ತಂದಿರುವುದರಿಂದ, ಮುಂದೊಂದು ಹಿಂದೊಂದು ನಾಲ್ಕಡಿಯ 54 ವ್ಯಾಟ್ ಟಿ5 ಟ್ಯೂಬು ಸೇರಿಸಿದರೆ ನೆರಳೂ ಮೆದುವಾಗುತ್ತದೆ, ಮರಳಿನ ಮೇಲೆ ಬಣ್ಣಬಣ್ಣದ ಚುಕ್ಕೆಗಳು ಓಡಾಡುವ ಡಿಸ್ಕೋ ಕಾಟವೂ ತಗ್ಗುತ್ತದೆ. ಟ್ಯೂಬು ಸೇರಿಸಿದರೆ ಮತ್ತೆ ಅಳೆಯಿರಿ.

ಇನ್ನು ಯಾರೂ ಮೊದಲೇ ಹೇಳದ ಮಾತು. ಹ್ಯಾಲೈಡ್ ಬರೀ ದೀಪವಲ್ಲ, ತೊಟ್ಟಿಯ ಮೇಲಿನ ಒಲೆ. ಅದನ್ನು ಇಳಿಸಿದಾಗ ಒಲೆಯೂ ಆರುತ್ತದೆ.

ನನ್ನ ತೊಟ್ಟಿಯಲ್ಲಿ ಹ್ಯಾಲೈಡ್ ಇದ್ದಾಗ ದಿನಕ್ಕೆ ಆರು ಲೀಟರ್ ನೀರು ಆವಿಯಾಗುತ್ತಿತ್ತು. ಆ ಆರು ಲೀಟರನ್ನು ನಾನು ತುಂಬುತ್ತಿದ್ದದ್ದು ಸುಣ್ಣದ ತಿಳಿನೀರಿನಿಂದ, ನಮ್ಮವರೆಲ್ಲ ಕಾಲ್ಕ್ ಎನ್ನುವುದು ಅದನ್ನೇ. ಹವಳದ ಅಸ್ಥಿಗೆ ಬೇಕಾದ ಕ್ಯಾಲ್ಸಿಯಂ, ಕ್ಷಾರೀಯತೆ ಎರಡೂ ಆ ದಾರಿಯಲ್ಲೇ ಬರುತ್ತಿದ್ದವು. ಎಲ್‌ಇಡಿ ಹಾಕಿದ ಮೇಲೆ ಆವಿಯಾಗುವುದು ಮೂರೂವರೆ ಲೀಟರಿಗೆ ಇಳಿಯಿತು. ನಾನು ಖುಷಿಪಟ್ಟೆ, ನೀರು ಹೊರುವ ಕೆಲಸ ಕಡಿಮೆಯಾಯಿತಲ್ಲ ಎಂದು. ಸ್ಥೂಲ ಲೆಕ್ಕ ಹೀಗಿತ್ತು: ಚೆನ್ನಾಗಿ ಸುಣ್ಣ ಹೀರಿದ ಒಂದು ಲೀಟರ್ ತಿಳಿ 300 ಲೀಟರ್ ನೀರಿನ ಕ್ಷಾರೀಯತೆಯನ್ನು ಸುಮಾರು 0.4 ಡಿಕೆಎಚ್ (ಕ್ಷಾರೀಯತೆಯ ಅಳತೆ) ಏರಿಸುತ್ತದೆ. ಎರಡೂವರೆ ಲೀಟರ್ ಕಡಿಮೆಯಾದರೆ ದಿನಕ್ಕೆ ಹತ್ತಿರ ಹತ್ತಿರ 1 ಡಿಕೆಎಚ್ ಖೋತಾ. ಹನ್ನೊಂದನೆಯ ದಿನ ಪರೀಕ್ಷಿಸಿದಾಗ 8.2 ಇದ್ದದ್ದು 6.4ಕ್ಕೆ ಬಂದು ನಿಂತಿತ್ತು. ಅಷ್ಟಕ್ಕೇ ನಿಂತದ್ದೂ ಹವಳಗಳು ಸುಟ್ಟುಕೊಂಡು ಬೆಳವಣಿಗೆ ನಿಲ್ಲಿಸಿದ್ದರಿಂದ. ಆರೋಗ್ಯವಾಗಿದ್ದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು.

ನೀವೂ ಸುಣ್ಣದ ತಿಳಿಯನ್ನೇ ಬಳಸುತ್ತೀರಿ ಎಂದು ಹಿಂದೊಮ್ಮೆ ಬರೆದ ನೆನಪು. ಹಾಗಿದ್ದರೆ ಮೊದಲ ಮೂರು ವಾರ ದಿನವೂ ಒಂದೇ ಹೊತ್ತಿಗೆ ಕ್ಷಾರೀಯತೆ ಪರೀಕ್ಷಿಸಿ. ಕೊರತೆಯನ್ನು ಇನ್ನಷ್ಟು ಸುಣ್ಣ ಸುರಿದು ತುಂಬಲಾಗದು. ತಿಳಿ ಹೀರುವುದು ಲೀಟರಿಗೆ ಒಂದೂವರೆ ಗ್ರಾಮಿನ ಆಸುಪಾಸು ಮಾತ್ರ, ಉಳಿದದ್ದು ತಳದಲ್ಲಿ ಗಷ್ಟಾಗಿ ಕೂರುತ್ತದೆ. ಸೋಡಾ ದ್ರಾವಣ ಒಂದು ಕಡೆ, ಕ್ಯಾಲ್ಸಿಯಂ ಕ್ಲೋರೈಡ್ ಇನ್ನೊಂದು ಕಡೆ ಇಟ್ಟು ಡೋಸಿಂಗ್ ಪಂಪಿನಿಂದ ಕೊಡಬೇಕು. ಇಲ್ಲವೇ ಸಂಪಿನ ಮೇಲೆ ಒಂದು ಸಣ್ಣ ಫ್ಯಾನ್ ಹಾಕಿ ಆವಿಯನ್ನೇ ಹೆಚ್ಚಿಸಬಹುದು, ಆದರೆ ಆಗ ಹೀಟರ್ ಕಾಯಿಸಿದ್ದನ್ನು ಫ್ಯಾನ್ ಊದಿ ಹಾರಿಸುತ್ತಿರುತ್ತದೆ. ನೀರನ್ನು ತಾನೇ ತುಂಬಿಸುವ ಫ್ಲೋಟ್ ಇಲ್ಲದೆ ದಿನಕ್ಕಿಷ್ಟು ಎಂದು ಅಳೆದು ನೀರು ಸುರಿಯುವವರು ಆ ಅಳತೆಯನ್ನು ಅಂದೇ ಬದಲಿಸಬೇಕು, ಇಲ್ಲವಾದರೆ ಸಾವಿರಕ್ಕೆ 35 ಇದ್ದ ಲವಣಾಂಶ ದಿನೇ ದಿನೇ ತೆಳುವಾಗುತ್ತದೆ.

ಹೀಟರನ್ನೂ ಒಮ್ಮೆ ನೋಡಿ. ಹ್ಯಾಲೈಡಿನ ಕೆಳಗೆ ವರ್ಷಗಟ್ಟಲೆ ಕೆಲಸವಿಲ್ಲದೆ ಕೂತ ಹೀಟರ್ ಈಗ ರಾತ್ರಿಯಿಡೀ ದುಡಿಯಬೇಕು. ಅದು ಕೆಟ್ಟಿದ್ದರೆ ಇಷ್ಟು ದಿನ ಯಾರಿಗೂ ಗೊತ್ತಾಗಿರುವುದಿಲ್ಲ. ಬಕೆಟ್ ನೀರಿನಲ್ಲಿಟ್ಟು, ಬೇರೆ ಥರ್ಮಾಮೀಟರಿನಿಂದ 25 ಡಿಗ್ರಿಗೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ.

ಈ ಎರಡು ತಿಂಗಳು ಬೇರೆ ಏನನ್ನೂ ಬದಲಿಸಬೇಡಿ. ಮುಖ್ಯವಾಗಿ ನೀರು ಶೋಧಿಸುವ ಇಂಗಾಲ. ಹೊಸ ಇಂಗಾಲ ನೀರಿನ ಹಳದಿಯನ್ನು ತೆಗೆದರೆ ಅದೇ ದೀಪದ ಬೆಳಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಾಕುವುದಿದ್ದರೆ ಅಳೆಯುವ ಮೊದಲೇ ಹಾಕಿ. ನೈಟ್ರೇಟ್, ಫಾಸ್ಫೇಟ್ ಸೊನ್ನೆಯಲ್ಲಿದ್ದರೆ ಮೊದಲು ಸ್ವಲ್ಪ ಏರಲಿ, ಖಾಲಿ ಹೊಟ್ಟೆಯ ಹವಳ ಬೆಳಕನ್ನು ತಾಳುವುದಿಲ್ಲ. ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಮಿನ ಆಸುಪಾಸು, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಮಿನೊಳಗೆ ಇದ್ದರೆ ನಾನು ಮುಂದುವರಿಯುತ್ತೇನೆ.

ಮೇಲ್ಭಾಗ ಮಾತ್ರ ತೆಳುವಾಗಿ ಕೆಳಭಾಗ ಕಂದಾಗಿಯೇ ಇದ್ದರೆ ಅಂದೇ ದೀಪವನ್ನು ಕಾಲು ಪಾಲು ಇಳಿಸಿ. ಹವಳವನ್ನು ಎತ್ತಿ ಎಲ್ಲೆಲ್ಲೋ ಇಡಬೇಡಿ. ನನ್ನ ಮಾಂಟಿಪೋರ ಮೂರು ತಿಂಗಳಲ್ಲಿ ಮುಕ್ಕಾಲು ಭಾಗ ಬಣ್ಣ ತುಂಬಿಕೊಂಡಿತು. ಒಂದು ಅಂಚು ಮಾತ್ರ ಸತ್ತು, ಅದರ ಮೇಲೆ ಈಗ ನೇರಳೆ ಕೊರಲೈನ್ ಪಾಚಿ ಹತ್ತಿಕೊಂಡಿದೆ. ತುದಿಗಳು ಮಾತ್ರ ಬಿಳಿದಾಗಿ ಸುಟ್ಟಂತಿದ್ದರೆ ದೀಪವನ್ನು ಮುಟ್ಟುವ ಮೊದಲು ಕ್ಷಾರೀಯತೆಯ ಅಂಕಿ ಬರೆದಿಟ್ಟ ಪುಸ್ತಕ ತೆರೆದು ನೋಡಿ.

ಹ್ಯಾಲೈಡ್ ಕಳಚುವಾಗ ಬಲ್ಬು ಪೂರ್ತಿ ತಣ್ಣಗಾಗಲಿ, ಪ್ಲಗ್ ಕಿತ್ತಿರಲಿ. ಬಲ್ಬನ್ನು ಹಚ್ಚಿ ನಡೆಸುವ ಪೆಟ್ಟಿಗೆಯಾದ ಬ್ಯಾಲಸ್ಟಿನ ಕೆಪಾಸಿಟರ್ ಆರಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು, ಪೆಟ್ಟಿಗೆ ಬಿಚ್ಚುವ ಸಾಹಸ ಬೇಡ. ಬಲ್ಬಿನೊಳಗೆ ಪಾದರಸ ಇರುವುದರಿಂದ ಅದು ಮನೆಯ ಕಸಕ್ಕೆ ಹೋಗಬಾರದು. ಒಂದು ಬಲ್ಬು, ಒಂದು ಬ್ಯಾಲಸ್ಟ್ ಆರು ತಿಂಗಳು ಅಟ್ಟದ ಮೇಲಿರಲಿ. ಎಲ್‌ಇಡಿಯ ಫ್ಯಾನ್ ಅಥವಾ ಡ್ರೈವರ್ ಕೆಟ್ಟು ರಿಪೇರಿಗೆ ಹೋದಾಗ ಅದು ಕೈಹಿಡಿಯುತ್ತದೆ.

ಈಗ ಚಿಲ್ಲರ್. ಎರಡು 250 ವ್ಯಾಟ್ ಬಲ್ಬು, ಬ್ಯಾಲಸ್ಟಿನ ನಷ್ಟ ಸೇರಿದರೆ 550 ವ್ಯಾಟಿನ ಸುತ್ತಮುತ್ತ. ನಿಮ್ಮ ಎಲ್‌ಇಡಿ ನಡೆಯುವುದು ಅದರ ಅರ್ಧಕ್ಕಿಂತ ಕೆಳಗೆ. ಚಿಲ್ಲರ್ ಓಡುವುದು ಖಂಡಿತ ಕಡಿಮೆಯಾಗುತ್ತದೆ. ಆದರೆ ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್ ಶಾಖವನ್ನು ಹೊತ್ತೊಯ್ಯುತ್ತದೆ, ಆ ಆವಿಯೂ ಈಗ ಕಡಿಮೆ. ಜೊತೆಗೆ ಪಂಪುಗಳ ಶಾಖ ಇದ್ದೇ ಇದೆ. ಕೋಣೆಯೇ 30 ಡಿಗ್ರಿ ಮುಟ್ಟುವ ದಿನಗಳಲ್ಲಿ ಎಲ್‌ಇಡಿ ನಿಮ್ಮನ್ನು ಕಾಯುವುದಿಲ್ಲ. ಕೊಳ್ಳಲು ಬಂದವರಿಗೆ ಒಂದು ಬೇಸಿಗೆ ಕಳೆಯಲಿ ಎಂದು ಹೇಳಿ. ಅಳತೆ ಮುಗಿದ ಮೇಲೆ ಆ ಹಾಳೆಯ ಫೋಟೋ ಇಲ್ಲಿ ಹಾಕಿ, ಎಡಗಡೆಯ ಘಟಕವನ್ನು ಎಷ್ಟರಿಂದ ಆರಂಭಿಸಬೇಕೆಂದು ಕೂತು ನೋಡೋಣ.